'ಬಾ' ಎನ್ನುವ ಪಾಠ

ಐವತ್ತು ದಾಟಿದ ಮೇಲೆ ಹೊಸ ಭಾಷೆ ಕಲಿಯಲು ಕುಳಿತವನ ಸುತ್ತ ಇಂಥ ಪ್ರಸಂಗಗಳು ತಾವಾಗಿ ಬಂದು ಸೇರಿಕೊಳ್ಳುತ್ತವೆ, ಅವನು ಕರೆಯಬೇಕಾಗಿಲ್ಲ. ನಾನು ಮಾತು ಕಡಿಮೆಯ ಮನುಷ್ಯ. ಕನ್ನಡದಲ್ಲೇ ದಿನಕ್ಕೆ ನೂರು ಮಾತು ಖರ್ಚಾಗದವನು ಸ್ಪ್ಯಾನಿಷ್ ಕಲಿತು ಏನು ಮಾಡುತ್ತಾನೆ ಎಂದು ಚಾಮರಾಜನಗರದಲ್ಲಿ ನನ್ನನ್ನು ಬಲ್ಲ ನಾಲ್ಕು ಜನ ಕೇಳಿದ್ದಾರೆ. ನಾಲ್ವರಿಗೂ ಸರಿಯಾದ ಉತ್ತರ ಕೊಟ್ಟಿಲ್ಲ.

ಹಿನ್ನೆಲೆ ಇಷ್ಟು. ನನ್ನ ಹೆಂಡತಿ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದವಳು. ಮೂರು ವರ್ಷದ ಹಿಂದೆ ಬಡ್ತಿ ಸಿಕ್ಕಿ ಯಾದಗಿರಿ ಕಡೆಯ ಒಂದು ಊರಿಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋದಳು. ಮನೆಯಲ್ಲಿ ಇದ್ದವರು ನಾವಿಬ್ಬರೇ, ಈಗ ನಾನೊಬ್ಬನೇ. ದಸರೆಗೊಮ್ಮೆ, ಬೇಸಿಗೆಗೊಮ್ಮೆ ಬಂದು ಹೋಗುತ್ತಾಳೆ. ಈ ವರ್ಷ ಅವಳು ವರ್ಗಾವಣೆ ಕೇಳಬಹುದು. ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಜಾಗ ಖಾಲಿಯಾಗಿದೆ. ಅಲ್ಲಿಗಾದರೆ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು. ಆದರೆ ಯಾದಗಿರಿ ಕಡೆಯ ಶಾಲೆಯನ್ನು ಎತ್ತಿ ನಿಲ್ಲಿಸಿದವಳು ಅವಳು. ಅಲ್ಲಿನ ಮಕ್ಕಳು ಬಿಡುತ್ತಿಲ್ಲ, ಊರಿನವರೂ ಬಿಡುತ್ತಿಲ್ಲ.

"ಅರ್ಜಿ ಹಾಕಲೋ ಬೇಡವೋ? ನೀವು ಏನಂತೀರಿ?" ಎಂದು ಫೋನಿನಲ್ಲಿ ಕೇಳಿದಳು.

"ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು" ಎಂದೆ.

ಆಮೇಲೆ, "ಗ್ಯಾಸ್ ಬುಕ್ ಮಾಡಿದ್ರಾ?" ಎಂದಳು.

ತಪ್ಪು ಉತ್ತರ ಕೊಟ್ಟೆನೆಂದು ಫೋನಿಟ್ಟ ಕೂಡಲೇ ಗೊತ್ತಾಯಿತು. ಸರಿಯುತ್ತರ ಒಂದೇ ಅಕ್ಷರದ್ದು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅದನ್ನು ಅವಳಿಗೆ ಹೇಳಿದ ನೆನಪು ನನಗಿಲ್ಲ. ಕರೆಯುವ ಮೊದಲೇ ಅವಳು ಬಂದಿರುತ್ತಿದ್ದಳು.

ಕರಿಕಲ್ಲಿನ ಗಿರಾಕಿ

ನಾನು ಕೆಲಸ ಮಾಡುವುದು ಊರ ಹೊರಗಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ. ಕಾಗದಪತ್ರ ನೋಡಿಕೊಳ್ಳುತ್ತೇನೆ. ಮಾಲೀಕರು ಹರವೆ ಕಡೆಯವರು, ಹೊಲ ತೋಟ ಇರುವವರು, ಹಣೆಯ ತುಂಬ ವಿಭೂತಿ. ಬಿಡುವಾದಾಗ ನಾನು ಮೇಜಿನ ಮೇಲೆ ಪುಸ್ತಕ ತೆರೆದಿಟ್ಟುಕೊಳ್ಳುವುದನ್ನು ಕಂಡು ನನ್ನನ್ನು ಮೇಷ್ಟ್ರು ಮಾಡಿದವರು ಅವರು. ಮನೆಯಲ್ಲಿ ನಿಜವಾದ ಮೇಷ್ಟ್ರು ಬೇರೆ ಇದ್ದಾರೆಂದು ಎರಡು ಸಲ ಹೇಳಿ ನೋಡಿ ಸುಮ್ಮನಾದೆ.

ಒಂದು ದಿನ ಸ್ಪೇನಿನಿಂದ ಮೇಲ್ ಬಂತು. ಅಲ್ಲಿಯ ಒಬ್ಬ ವ್ಯಾಪಾರಿ ನಮ್ಮ ಕರಿಕಲ್ಲು ನೋಡಲು ಬರುತ್ತಾನಂತೆ, ಎಂಟು ತಿಂಗಳ ನಂತರ.

"ಮೇಷ್ಟ್ರೇ, ಅವರ ಬಾಸೆ ಕಲ್ತ್‌ಬುಡಿ" ಎಂದರು ಮಾಲೀಕರು.

"ಅಷ್ಟು ಸುಲಭ ಅಲ್ಲ ಯಜಮಾನ್ರೇ."

"ಅಷ್ಟಷ್ಟು ದಪ್ಪದ ಪುಸ್ತಕ ಓದ್ತೀರಿ, ಒಂದ್ ಬಾಸೆ ಅದೇನ್ ಕಷ್ಟ? ಎಂಟ್ ತಿಂಗ್ಳದ ಕಣ್ರೀ. ಎಂಟ್ ತಿಂಗ್ಳಲ್ಲಿ ಅರಿಶಿಣವೇ ಬೆಳ್ದು ಕೈಗೆ ಬತ್ತದ."

ಅರಿಶಿಣದ ಮುಂದೆ ಸೋಲಬಾರದೆಂದು ಸೇರಿಕೊಂಡೆ. ಮೈಸೂರಿನ ಒಬ್ಬ ಹುಡುಗಿ ಶನಿವಾರ ಸಂಜೆ ಫೋನಿನಲ್ಲೇ ಪಾಠ ಹೇಳುತ್ತಿದ್ದಳು, ಮುಖ ಕಾಣುವ ಹಾಗೆ. ನಾವು ಏಳು ಜನ ಕಲಿಯುವವರು. ಆ ಭಾಷೆಯಲ್ಲಿ ಹಕಾರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಮಿಕ್ಕ ಆರು ಮಂದಿ ಮೊದಲ ದಿನ ಅಲ್ಲೇ ಎಡವಿದರು. "ನೀವೊಬ್ಬರೇ ಸರಿಯಾಗಿ ಅಂದಿರಿ ಸರ್. ಹೇಗೆ ಸಾಧ್ಯ ಆಯ್ತು?" ಎಂದು ಕೇಳಿದಳು. ಹರವೆಯನ್ನು ಅರವೆ ಎನ್ನುವವರ ಕೈಕೆಳಗೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದೇನೆ ಎಂದು ಹೇಳಲಿಲ್ಲ. ಹೊಗಳಿಕೆ ಅಪರೂಪಕ್ಕೆ ಸಿಗುವಂಥದ್ದು.

ಎಂಟು ತಿಂಗಳಾದ ಮೇಲೆ ಗಿರಾಕಿ ಬಂದ. ಎರಡು ವಾರ ಉರು ಹೊಡೆದಿದ್ದ ಸ್ವಾಗತದ ಮಾತನ್ನು ಒಂದೂ ತಪ್ಪಿಲ್ಲದೆ ಹೇಳಿದೆ. ಅವನು ನಕ್ಕು ಕೈಕುಲುಕಿದ. ಚಪ್ಪಡಿಯ ಮೇಲೆ ಉಗುರಿನಿಂದ ಗೀರಿ ನೋಡಿದ. ಆಮೇಲೆ ನಮ್ಮ ಯಂತ್ರದವನ ಕಡೆ ತಿರುಗಿ, "ಇನ್ನೊರು ತಡವೆ ಪಾಲಿಷ್ ಪೋಡುಂಗ" ಎಂದ. ಇನ್ನೊಂದು ಸಲ ಪಾಲಿಶ್ ಹಾಕಿ ಎಂದು, ಅಚ್ಚ ತಮಿಳಿನಲ್ಲಿ.

ಹದಿನೈದು ವರ್ಷದಿಂದ ಅವನು ಗಡಿಯಾಚೆ ತಮಿಳುನಾಡಿನಲ್ಲಿ ಕಲ್ಲು ಕೊಳ್ಳುತ್ತಿದ್ದಾನಂತೆ. ಯಂತ್ರದವನು ಸತ್ಯಮಂಗಲದವನು. ಮಾಲೀಕರಿಗೂ ತಮಿಳು ಬರುತ್ತದೆ. ಮೂವರೂ ನಗುನಗುತ್ತ ಅರ್ಧ ಗಂಟೆ ಮಾತಾಡಿದರು. ನಾನು ಎಳನೀರು ಹಿಡಿದುಕೊಂಡು ನಿಂತಿದ್ದೆ.

ಅವನ ಕಾರು ಹೋದ ಮೇಲೆ ಮಾಲೀಕರು ನನ್ನ ಬೆನ್ನು ತಟ್ಟಿದರು. "ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ಬರೋ ವರ್ಸಕ್ಕೆ ತಮಿಳ್ ಕಲ್ತ್‌ಬುಡಿ."

ನೆಟ್‌ವರ್ಕ್

ಗಿರಾಕಿ ಬಂದು ಹೋದ ಮೇಲೆ ತರಗತಿ ಬಿಡಬಹುದಿತ್ತು. ಬಿಡಲಿಲ್ಲ. ಶನಿವಾರ ಸಂಜೆಯಾದರೂ ಮನೆಯಲ್ಲಿ ಇನ್ನೊಂದು ದನಿ ಇರುತ್ತಿತ್ತು.

ಹೆಂಡತಿ ಅರ್ಜಿಯ ಮಾತೆತ್ತಿದ ವಾರವೇ ಆ ಹುಡುಗಿ ಹೊಸ ಪಾಠ ಶುರುಮಾಡಿದಳು. "ಇಲ್ಲಿಯವರೆಗೆ ಆಗುತ್ತಿರುವುದನ್ನು ಹೇಳಲು ಕಲಿತಿರಿ. ಇನ್ನು ಆಗಲಿ ಅಂತ ಬಯಸುವುದನ್ನು ಹೇಳಲು ಕಲಿಯೋಣ. ಅದಕ್ಕೆ ಬೇರೆಯೇ ರೂಪ ಇದೆ" ಎಂದಳು.

ವಿಷಯ ಇಷ್ಟೇ. ನನ್ನ ಬಯಕೆ ಈ ದಡದಲ್ಲಿ, ಇನ್ನೊಬ್ಬರು ಮಾಡಬೇಕಾದ್ದು ಆ ದಡದಲ್ಲಿ. ನಡುವೆ 'ಕೆ' ಎಂಬ ಪುಟ್ಟ ಕಾಲುಸಂಕ. ಅದನ್ನು ದಾಟಿದ ಕ್ರಿಯಾಪದ ತನ್ನ ಸ್ವರ ಕಳಚಿಟ್ಟು ಪಕ್ಕದ ಮನೆಯ ಸ್ವರ ತೊಟ್ಟುಕೊಳ್ಳುತ್ತದೆ. 'ಆರ್' ಎಂದು ಮುಗಿಯುವಂಥದ್ದು ಎಕಾರ ತೊಡುತ್ತದೆ. 'ಏರ್', 'ಈರ್' ಎಂದು ಮುಗಿಯುವಂಥವು ಅಕಾರ ತೊಡುತ್ತವೆ. 'ಆಬ್ಲಾಸ್' ಎಂದರೆ ನೀನು ಮಾತಾಡುತ್ತೀಯೆ. 'ಕ್ಯೇರೊ ಕೆ ಆಬ್ಲೆಸ್' ಎಂದರೆ ನೀನು ಮಾತಾಡಬೇಕೆಂದು ನನ್ನ ಆಸೆ. ಅದೇ ರೂಪದ ಮುಂದೆ 'ನೋ' ಇಟ್ಟರೆ ಬೇಡ ಎನ್ನುವ ಆಜ್ಞೆ: 'ನೋ ಆಬ್ಲೆಸ್', ಮಾತಾಡಬೇಡ. ಬೇಕು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಒಂದೇ ಅಂಗಿ. ಮನುಷ್ಯರನ್ನು ಬಲ್ಲವರು ಮಾಡಿದ ವ್ಯಾಕರಣ ಎನ್ನಿಸಿತು.

"ಒಬ್ಬೊಬ್ಬರೂ ಒಂದು ವಾಕ್ಯ ಹೇಳಿ" ಎಂದಳು. ಬ್ಯಾಂಕಿನ ಒಬ್ಬರು ತಮ್ಮ ಮಗಳು ತರಕಾರಿ ತಿನ್ನಲಿ ಎಂದರು. ಕಾಲೇಜಿನ ಹುಡುಗಿಯೊಬ್ಬಳು ಯಾರೋ ಒಬ್ಬರು ತನಗೆ ಬರೆಯಲಿ ಎಂದು ಹೇಳಿ ನಾಚಿದಳು. ನನ್ನ ಸರದಿ ಬಂತು.

"ಕ್ಯೇರೊ ಕೆ ಲಾ ಮಾಕಿನಾ ತ್ರಬಾಹೆ" ಎಂದೆ. ಯಂತ್ರ ಕೆಲಸ ಮಾಡಲಿ ಎಂದು.

"ಸರಿಯಾಗಿದೆ ಸರ್. ಆದರೆ ಯಂತ್ರ ಬೇಡ, ಮನುಷ್ಯರು ಯಾರಾದರೂ."

ನಮ್ಮ ಮ್ಯಾನೇಜರು ಕೆಲಸ ಮಾಡಲಿ ಎಂದೆ. ಎಲ್ಲರೂ ನಕ್ಕರು.

"ಮನೆಯವರ ಬಗ್ಗೆ ಹೇಳಿ ಸರ್. ಎದುರಿಗೇ ಇದ್ದಾರೆ ಅಂದುಕೊಳ್ಳಿ. 'ನೀನು' ಅಂತ ಹೇಳಿ. ಅವರು ಏನು ಮಾಡಬೇಕು ಅಂತ ನಿಮ್ಮ ಆಸೆ?"

ಪರದೆಯ ಮೇಲೆ ಏಳು ಮುಖ ನನ್ನನ್ನೇ ನೋಡುತ್ತಿದ್ದವು. ನಾನು ಗುಂಡಿ ಒತ್ತಿ ನನ್ನ ಮುಖ ಮರೆಮಾಡಿದೆ. 'ನೆಟ್‌ವರ್ಕ್ ಇಲ್ಲ' ಎಂದು ಬರೆದು ಕಳಿಸಿದೆ. ಅದು ಹೋಗಿ ತಲುಪಿತು ಎನ್ನುವುದೇ ನೆಟ್‌ವರ್ಕ್ ಇದೆ ಎನ್ನುವುದಕ್ಕೆ ಸಾಕ್ಷಿ ಎಂದು ಆಮೇಲೆ ಹೊಳೆಯಿತು.

ಮರುವಾರ ನನ್ನ ಸರದಿಗೆ ಮತ್ತೆ ಹಾಗೇ ಆಯಿತು. ಮೂರನೆಯ ಶನಿವಾರ ಪಾಠ ತೆಗೆಯುವ ಮೊದಲೇ ಆ ಹುಡುಗಿ ಹೇಳಿದಳು: "ಇವತ್ತೂ ಅದೇ ಪಾಠ ಸರ್. ನಿಮ್ಮ ನೆಟ್‌ವರ್ಕಿಗೆ ಒಂದು ಮಾತು ಮೊದಲೇ ತಿಳಿಸಿಬಿಡಿ."

ಬಾಗಿಲಿನ ಚೀಟಿ

ಬೇಕು ಎನ್ನುವುದು ಬಾಯಿಗೆ ಬರದಿದ್ದರೂ ಬೇಡ ಎನ್ನುವುದು ಚೆನ್ನಾಗಿ ಬರುತ್ತಿತ್ತು. ಅಭ್ಯಾಸಕ್ಕೆಂದು ಸಣ್ಣ ಚೀಟಿಗಳಲ್ಲಿ ಅವರ ಲಿಪಿಯಲ್ಲೇ ಬರೆದು ಮನೆಯ ತುಂಬ ಅಂಟಿಸಿದೆ. ಟಿ.ವಿ.ಯ ಮೇಲೆ 'ನೋ ಗ್ರೀತೆಸ್', ಕಿರುಚಬೇಡ. ಗುಂಡ್ಲುಪೇಟೆಯಿಂದ ತಂದಿದ್ದ ಬಾಳೆಕಾಯಿ ಚಿಪ್ಸಿನ ಡಬ್ಬಿಯ ಮೇಲೆ 'ನೋ ಕೋಮಾಸ್', ತಿನ್ನಬೇಡ. ಫ್ರಿಜ್ಜಿನ ಮೇಲೂ ಮುಂಬಾಗಿಲಿನ ಮೇಲೂ 'ನೋ ಆಬ್ರಾಸ್', ತೆಗೆಯಬೇಡ.

ಬೇಗೂರಿನಿಂದ ಅತ್ತೆ ಬಂದಿದ್ದರು. ಮಗಳು ಯಾದಗಿರಿ ಕಡೆಗೆ ಹೋದಾಗಿನಿಂದ ಎರಡು ತಿಂಗಳಿಗೊಮ್ಮೆ ಬಂದು ನನ್ನ ಅಡುಗೆಮನೆ ನೋಡಿ ಹೋಗುತ್ತಾರೆ. ನಾನು ಸಂಜೆ ಕೆಲಸದಿಂದ ಬಂದರೆ ಪ್ರತಿ ಚೀಟಿಗೂ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮದ ಬೊಟ್ಟು. ಚಿಪ್ಸಿನ ಡಬ್ಬಿಗೆ ಒಂದು ಚೆಂಡುಹೂ ಬೇರೆ.

"ಯಾವ್ ಸ್ವಾಮಿಯೋರ್ ಮಂತ್ರ ಬರ್ಕೊಟ್ರು ಅಳಿಯಂದ್ರೆ? ವಯನಾಡ್ ಕಡೆಯೋರಾ?" ಎಂದರು.

"ಸ್ವಾಮಿಗಳಲ್ಲ ಅತ್ತೆ. ನಾನೇ ಬರೆದದ್ದು. ಪಾಠ."

"ಡಬ್ಬಿ ಮ್ಯಾಲೆ ಏನಂತ ಬರ್ದಿದ್ದರಿ?"

"ತಿನ್ನಬೇಡ ಅಂತ."

ಅತ್ತೆ ಡಬ್ಬಿಯನ್ನು ನೋಡಿದರು. "ನಾನು ಪೂಜೆ ಮಾಡಿ ಪರಸಾದ ಅಂತ ಅರ್ಧ ಡಬ್ಬಿ ತಿಂದ್‌ಬುಟ್ನಲ್ಲಪ್ಪ" ಎಂದರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿ, "ಅಲ್ಲಿರದು?" ಎಂದರು.

"ತೆಗೆಯಬೇಡ ಅಂತ."

ಅವರ ಮುಖ ಸಣ್ಣದಾಯಿತು. ಬೇಗೂರಿನ ಆ ಮನೆಯಲ್ಲಿ ದೀಪ ಆರಿಸು ಎನ್ನುವುದಿಲ್ಲ, ದೀಪ ದೊಡ್ಡದು ಮಾಡು ಎನ್ನುತ್ತಾರೆ. ಅಕ್ಕಿ ಮುಗಿಯಿತು ಎನ್ನುವುದಿಲ್ಲ, ತುಂಬಿದೆ ಎನ್ನುತ್ತಾರೆ. ಹೊಸ್ತಿಲಲ್ಲಿ ನಿಂತು ಬೇಡ ಎನ್ನುವ ಮಾತನ್ನು ಯಾರೂ ಆಡುವುದಿಲ್ಲ. ಹಾಗೆಯೇ ಒಬ್ಬರನ್ನು ಬಾ ಎಂದು ಕರೆದ ಮೇಲೆ, ಬೀದಿಯಲ್ಲಿ ಹೋಗುವ ಬಳೆಗಾರ್ತಿಯಾದರೂ ಸರಿ, ಬರಿಗೈಯಲ್ಲಿ ಕಳಿಸುವುದಿಲ್ಲ.

"ಮನೆ ಬಾಗ್ಲಿಗೆ ತೆಗೀಬ್ಯಾಡ ಅಂತ ಬರ್ದ್ರೆ ನಮ್ ಹೆಣ್ಣು ಎಂಗ್ ಬಂದದು?" ಎಂದು ಎದ್ದು ಹೋಗಿ ಚೀಟಿಯನ್ನು ಉಗುರಿನಿಂದ ಕಿತ್ತರು. ಮಡಿಸಿ ನನ್ನ ಕೈಗಿಟ್ಟರು. "ಇಲ್ಲಿ ಬಾ ಅಂತ ಬರೀರಿ."

"ಅದು ಇನ್ನೂ ಬರಲ್ಲ ಅತ್ತೆ. ಬಾ ಅನ್ನೋದು ಮಿಕ್ಕ ಮಾತುಗಳ ಹಾಗೆ ಕಟ್ಟಳೆಗೆ ಸಿಗೋದಿಲ್ಲ, ಅದಕ್ಕೆ ಬೇರೆ ಪಾಠ. ಆ ಪಾಠ ನನಗೆ ಇನ್ನೂ ಆಗಿಲ್ಲ."

ಅತ್ತೆ ಉಗುರಿಗೆ ಹತ್ತಿದ ಅಂಟನ್ನು ಸೆರಗಿಗೆ ಒರೆಸಿಕೊಂಡರು.

"ಇಪ್ಪತ್ನಾಕ್ ವರ್ಸ ಆಯ್ತಲ್ಲ ಅಳಿಯಂದ್ರೆ. ಇನ್ನೂ ಆಗಿಲ್ವಾ?"

ನೀಲಿ ರವಿಕೆ

ನಾವಿರುವುದು ಮಹಡಿಯಲ್ಲಿ. ಕೆಳಗೆ ಟೈಲರ್ ಸಾಹೇಬರ ಅಂಗಡಿ. ಮನೆಮಾತು ಉರ್ದು, ಕನ್ನಡ ನನಗಿಂತ ಧಾರಾಳ. ನನ್ನ ಕಿಟಕಿಯ ನೇರ ಕೆಳಗೆ ಅವರ ಮಿಷನ್ನು. ನಾನು ಮೇಲೆ ಪಾಠ ಒಪ್ಪಿಸಲು ಶುರುಮಾಡಿದರೆ ಕೆಳಗೆ ಮಿಷನ್ನಿನ ಸದ್ದು ನಿಲ್ಲುತ್ತಿತ್ತು.

ಒಂದು ಶನಿವಾರ 'ಓಹಾಲಾ' ಎನ್ನುವ ಮಾತು ಕಲಿತೆವು. ಬಯಕೆಯ ಮುಂದೆ ಅದನ್ನಿಟ್ಟರೆ 'ಹಾಗಾದರೆ ಎಷ್ಟು ಚೆನ್ನ' ಎಂದು ಅರ್ಥ. ಆಮೇಲೆ ಬರುವುದು ಅದೇ ಸ್ವರ ಬದಲಿಸಿದ ರೂಪ. ಮೂಲ ಅರಬ್ಬಿಯಂತೆ, ದೇವರು ಇಷ್ಟಪಟ್ಟರೆ ಎಂದು. ಇಳಿದು ಹೋಗಿ ಸಾಹೇಬರಿಗೆ ಹೇಳಿದೆ. ಅವರು ಕೊರಳಿನ ಟೇಪು ತೆಗೆದು ಪಕ್ಕಕ್ಕಿಟ್ಟರು.

"ಹಾಗಾದ್ರೆ ಅವರೂ ನಮ್ಮ ಹಾಗೇನೇ ಸಾರ್. ಬಯಸೋದು ನಾವು, ಆಗಿಸೋದು ಅವನು."

ಮಾರನೆಯ ದಿನದಿಂದಲೇ ಅದನ್ನು ಅಂಗಡಿಯಲ್ಲಿ ಬಳಸತೊಡಗಿದರು. ಒಂದು ತಿಂಗಳಿನಿಂದ ಅಲೆಯುತ್ತಿದ್ದ ಹೆಂಗಸೊಬ್ಬರು, "ಯಾವತ್ತು ಕೊಡ್ತೀರ?" ಎಂದು ಕೇಳುತ್ತಿದ್ದರು.

"ಓಹಾಲಾ, ಮಂಗಳವಾರ."

"ಅದೇನದು ಹೊಸದು?"

"ಸ್ಪೇನ್ ದೇಶದ ಮಾತಮ್ಮ."

"ಮಾತು ಯಾವ ದೇಶದ್ದಾದ್ರೂ ಆಗ್ಲಿ. ಮಂಗಳವಾರ ನಮ್ಮೂರಿಂದೇ ತಾನೆ?"

ಆಕೆ ಹೋದ ಮೇಲೆ ಸಾಹೇಬರು ಗೂಟದಿಂದ ಒಂದು ನೀಲಿ ರವಿಕೆ ಇಳಿಸಿ ಧೂಳು ಕೊಡವಿದರು. ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿ ಕೊಟ್ಟದ್ದು. ರಜೆ ಮುಗಿಯುವ ಮೊದಲೇ ಹೊರಡಬೇಕಾಗಿ ಬಂದು, ತೆಗೆದುಕೊಂಡು ಹೋಗಿರಲಿಲ್ಲ. ದಸರೆಗೆ ಬಂದವಳು ಎರಡೇ ದಿನವಿದ್ದಳು. ಆಗ ಅಂಗಡಿ ಮುಚ್ಚಿತ್ತು.

"ಹೇಳಿದ ದಿನಕ್ಕೆ ನಾನು ಹೊಲಿದಿಟ್ಟದ್ದು ಜೀವಮಾನದಲ್ಲಿ ಇದೊಂದೇ ಸಾರ್. ಇದನ್ನೇ ಯಾರೂ ಕೇಳಿಕೊಂಡು ಬರಲಿಲ್ಲ" ಎಂದರು.

"ಕೊಡಿ, ನಾನು ಮನೆಯಲ್ಲಿಡುತ್ತೇನೆ."

"ತೊಡೋರು ತೊಟ್ಟು ನೋಡದೆ ಕೊಡೋದಿಲ್ಲ. ಅಂಗಡಿ ಪದ್ಧತಿ. ಮೇಡಮ್ ಇತ್ಲಾಗೆ ಬಂದುಬಿಡ್ತಾರಾ?"

"ಅವರಿಷ್ಟ."

"ಅವರಿಷ್ಟ ಸರಿ ಸಾರ್" ಎಂದು ರವಿಕೆಯನ್ನು ಗೂಟಕ್ಕೆ ಹಾಕಿದರು. "ಒಂದೇ ತೋಳಿನ ಅಳತೆ ಕೊಟ್ರೆ ನಾನಾದ್ರೂ ಹೊಲಿಯೋದು ಹೇಗೆ?"

ಸಣ್ಣ ಈರುಳ್ಳಿ

ಅದರ ಮುಂದಿನ ಭಾನುವಾರ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಆ ಶಾಲೆಯನ್ನು ಒಮ್ಮೆ ನೋಡಿಕೊಂಡು ಬರುವುದು, ಅಷ್ಟೇ. ಯಾರಿಗೂ ಹೇಳಿರಲಿಲ್ಲ.

ದಾರಿಯಲ್ಲಿ ಹೊಸ ಕ್ರಿಯಾಪದವೊಂದನ್ನು ಉರು ಹೊಡೆಯುತ್ತಿದ್ದೆ. ಬಾ ಎನ್ನುವುದು ಕಟ್ಟಳೆಗೆ ಸಿಗದಿದ್ದರೂ ಮರಳಿ ಬಾ ಎನ್ನುವುದು ಸಿಗುತ್ತದೆ ಎಂದು ನಿಘಂಟಿನಲ್ಲಿ ಕಂಡುಹಿಡಿದಿದ್ದೆ. ರೆಗ್ರೆಸಾರ್. ಕ್ಯೇರೊ ಕೆ ರೆಗ್ರೇಸೆಸ್, ನೀನು ಮರಳಬೇಕೆಂದು ನನ್ನ ಆಸೆ. ಅದರ ಬೆನ್ನಿಗೆ ನೋ ತಾರ್ದೆಸ್, ತಡ ಮಾಡಬೇಡ. ತೆರಕಣಾಂಬಿ ದಾಟುವ ಹೊತ್ತಿಗೆ ಇಪ್ಪತ್ತು ಸಲ ಆಗಿರಬೇಕು. ಪಕ್ಕದಲ್ಲಿ ಸಣ್ಣ ಈರುಳ್ಳಿಯ ಚೀಲ ಕಾಲಸಂದಿಯಲ್ಲಿ ಇಟ್ಟುಕೊಂಡು ಕುಳಿತಿದ್ದ ರೈತ ನನ್ನ ಎರಡು ಕಿವಿಯನ್ನೂ ಬಗ್ಗಿ ನೋಡಿದ.

"ಫೋನಾ ಸ್ವಾಮಿ?"

"ಇಲ್ಲ."

"ಕಿವೀಲಿ ಏನೂ ಇಲ್ಲ, ಅದ್ಕೇ ಕೇಳ್ದೆ." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಮನೇವ್ರು ಊರಲ್ಲಿಲ್ವಾ?" ಎಂದ.

ಇಲ್ಲವೆಂದು ತಲೆಯಾಡಿಸಿದೆ.

"ಗೊತ್ತಾಯ್ತು ಬುಡಿ. ನಮ್ಮಣ್ಣನೂ ಇಂಗೇ ಆಗ್‌ಬುಟ್ಟಿದ್ದ. ಅತ್ಗೆ ತೌರಿಗೆ ಓಗಿ ಕೂತ್ಬುಟ್ಲು, ಇವ್ನು ಹೊಲದಲ್ಲಿ ಒಬ್ನೇ ಮಾತಾಡ್ಕಂಡು ತಿರ್ಗವ್ನು."

"ಆಮೇಲೆ?" ಎಂದೆ. ಕೇಳಬಾರದು ಎಂದುಕೊಂಡೇ ಕೇಳಿದೆ.

"ಆಮೇಲೇನು, ಓಗಿ, 'ಬಾ' ಅಂದ. ಬಂದ್ಲು. ಈಗ ಅವ್ನು ಸುಮ್ಗವ್ನೆ, ಅವ್ಳೇ ಮಾತಾಡ್ತಳ."

ಗುಂಡ್ಲುಪೇಟೆಯಲ್ಲಿ ಇಳಿಯುವಾಗ ನನ್ನ ಕೈಚೀಲಕ್ಕೆ ಎರಡು ಬೊಗಸೆ ಈರುಳ್ಳಿ ಸುರಿದ. "ಹಸೀದೇ ತಿನ್ನಿ. ತಲೆಗೆ ತಂಪು."

ಬಸ್‌ಸ್ಟ್ಯಾಂಡಿನಿಂದ ಶಾಲೆಗೆ ನನ್ನ ನಡಿಗೆಯಲ್ಲಿ ಹನ್ನೊಂದು ನಿಮಿಷ. ಅವಳ ನಡಿಗೆಯಲ್ಲಿ ಒಂಬತ್ತು. ಗೇಟಿಗೆ ಬೀಗ ಹಾಕಿತ್ತು. ಒಳಗೆ ಒಂದು ಹೊಂಗೆ ಮರ, ಕೆಳಗೆ ಕಲ್ಲುಬೆಂಚು. ಬೆಂಚಿನ ಕಲ್ಲು ನಮ್ಮ ಕಡೆಯ ಕರಿಕಲ್ಲೇ, ಪಾಲಿಶ್ ಸಾಲದು. ನೋಡಿಕೊಂಡು, ಒಂದು ಈರುಳ್ಳಿ ಸುಲಿದು ತಿಂದು ವಾಪಸಾದೆ. ತಲೆ ತಂಪಾಗಲಿಲ್ಲ. ಆದರೆ ಬರುವ ಬಸ್ಸಿನಲ್ಲಿ ಬಾಯಿಯ ವಾಸನೆಗೆ ಯಾರೂ ಹತ್ತಿರ ಕೂರಲಿಲ್ಲ, ಅಭ್ಯಾಸಕ್ಕೆ ಅನುಕೂಲವಾಯಿತು.

ಸೊಪ್ಪು

ಅರ್ಜಿಗೆ ಸೋಮವಾರ ಕೊನೆಯ ದಿನ. ಗುಂಡ್ಲುಪೇಟೆಗೆ ಹೋಗಿ ಬಂದ ಮುಂದಿನ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಳಿತು ಉಳಿದ ಈರುಳ್ಳಿ ಸುಲಿಯುತ್ತಿದ್ದಾಗ ಅವಳ ಫೋನ್ ಬಂತು. ಕೈ ಒದ್ದೆಯಾಗಿತ್ತು. ಸ್ಪೀಕರ್ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ತಿಂಡಿ ಆಯ್ತಾ?"

"ಆಯ್ತು. ನಿನ್ನದು?"

"ಆಯ್ತು. ಹಾಲಿನವರಿಗೆ ಹೇಳಿದ್ರಾ?"

"ಹೇಳಿದೆ."

ನಮ್ಮ ಮಾತು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಅವತ್ತು ಮುಗಿಯಲಿಲ್ಲ.

"ನಾಳೆ ಕೊನೇ ದಿನ ರೀ. ಏನು ಮಾಡಲಿ?"

ಈರುಳ್ಳಿಯ ಮುಂದೆ ಕುಳಿತವನ ಕಣ್ಣಿಗೆ ಯಾರೂ ಕಾರಣ ಕೇಳುವುದಿಲ್ಲ. ಅದೊಂದು ಧೈರ್ಯ. ಹೇಳಿಬಿಟ್ಟೆ:

"ಕ್ಯೇರೊ ಕೆ ರೆಗ್ರೇಸೆಸ್. ನೋ ತಾರ್ದೆಸ್."

ಕೆಳಗಿನ ಮಿಷನ್ನು ನಿಂತಿತು.

"ಏನಂದ್ರಿ?"

"ಪಾಠದ ವಾಕ್ಯ."

"ಅದಕ್ಕೆ ಅರ್ಥ ಇರುತ್ತಲ್ಲ?"

ನಾನು ಇನ್ನೊಂದು ಈರುಳ್ಳಿ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಕಿಟಕಿಯ ಕೆಳಗಿನಿಂದ ಸಾಹೇಬರ ದನಿ ಬಂತು. ಎಷ್ಟು ಶನಿವಾರದ ಪಾಠ ಕೇಳಿಸಿಕೊಂಡಿದ್ದರೋ.

"ಮೇಡಮ್, ವಾಪಸ್ ಬರಬೇಕು ಅಂತ ಸಾರ್‌ಗೆ ಆಸೆಯಂತೆ. ಲೇಟ್ ಮಾಡ್ಬೇಡಿ ಅಂತಿದಾರೆ. ನಿಮ್ಮ ರವಿಕೆ ರೆಡಿ ಇದೆ."

ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. "ಸಾಹೇಬರೇ, ಥ್ಯಾಂಕ್ಸ್" ಎಂದಳು ಗಂಭೀರವಾಗಿ. ಆಮೇಲೆ ನನಗೆ, "ಅರ್ಜಿ ಗುರುವಾರವೇ ಹಾಕಿ ಆಯ್ತು. ಗುಂಡ್ಲುಪೇಟೆ ಅಂತಲೇ ಬರೆದಿದ್ದೀನಿ. ನೀವು ಏನಂತೀರೋ ನೋಡೋಣ ಅಂತ ಕಾಯ್ತಿದ್ದೆ" ಎಂದಳು.

"ನಾಲ್ಕು ದಿನದಿಂದ?"

"ಇಪ್ಪತ್ತನಾಲ್ಕು ವರ್ಷದಿಂದ" ಎಂದಳು. "ಈಗ ಅದನ್ನೇ ಕನ್ನಡದಲ್ಲಿ ಹೇಳಿ."

ಬಾಯಿ ತೆರೆದೆ. ಫೋನು ಟುಣಕ್ ಎಂದು ಸುಮ್ಮನಾಯಿತು. ನೆಟ್‌ವರ್ಕ್ ಹೋಗಿತ್ತು. ಈ ಸಲ ನಿಜವಾಗಿಯೂ ಹೋಗಿತ್ತು.

"ಗುಂಡಿ ಒತ್ತಿಬಿಟ್ರಾ ಸಾರ್?" ಎಂದರು ಕೆಳಗಿನಿಂದ ಸಾಹೇಬರು. ಅವರಿಗೂ ನನ್ನ ವಿದ್ಯೆ ಗೊತ್ತಿತ್ತು.

ಈರುಳ್ಳಿಯ ಕೈಯಲ್ಲೇ ಫೋನ್ ಹಿಡಿದು ತಾರಸಿಗೆ ಓಡಿದೆ. ಓಡಿ ಎಷ್ಟೋ ವರ್ಷವಾಗಿತ್ತು. ನೀರಿನ ಟ್ಯಾಂಕಿನ ಪಕ್ಕ ಸಿಗ್ನಲ್ಲಿನ ಒಂದೇ ಒಂದು ಗೆರೆ ಸಿಕ್ಕಿತು. ಕರೆ ಹೋಯಿತು. "ಹಲೋ, ಹಲೋ, ಕೇಳಿಸ್ತಿಲ್ಲ ರೀ, ಗಟ್ಟಿಯಾಗಿ ಹೇಳಿ" ಎನ್ನುತ್ತಿದ್ದಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎನ್ನಿಸಿತು. ಕಟ್ಟೆಗೆ ಒರಗಿ, ಕಣ್ಣು ಮುಚ್ಚಿಕೊಂಡು, ಗಂಟಲು ಬಿಟ್ಟು ಕೂಗಿದೆ:

"ಬಾ. ಬೇಗ ಬಾ."

ಬೀದಿಯೇ ನಿಂತು ಮೇಲೆ ನೋಡಿತು. ಅದೇ ಹೊತ್ತಿಗೆ ಕುದೇರಿನಿಂದ ದಿನಾ ಬರುವ ಸೊಪ್ಪಿನವಳು ಕೆಳಗೆ ಹೋಗುತ್ತಿದ್ದಳು. ನಾನೊಬ್ಬನೇ ಆದಾಗಿನಿಂದ ಏನೂ ಕೊಳ್ಳದ ಮನೆಯೆಂದು ಅವಳು ನಮ್ಮ ಮುಂದೆ ಕೂಗುವುದನ್ನೇ ಬಿಟ್ಟಿದ್ದಳು. ಈಗ ಪುಟ್ಟಿ ಹೊತ್ತು ದಡದಡನೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ತಾರಸಿಗೇ ಬಂದು ನಿಂತಳು.

"ಬಂದೆ ಕಣಣ್ಣ. ಅದ್ಯಾಕಂಗ್ ಕೂಗ್ದಯ್ಯಿ, ಎದೆ ಒಡ್ದೋಯ್ತು. ದಂಟು ಬೇಕಾ, ಕೀರೆ ಬೇಕಾ?"

"ಯಾರ್ರೀ ಅದು?" ಎಂದಳು ಹೆಂಡತಿ. ಈಗ ಸ್ಪಷ್ಟವಾಗಿ ಕೇಳುತ್ತಿತ್ತು.

"ಸೊಪ್ಪಿನವಳು. ತನ್ನನ್ನು ಕರೆದೆ ಅಂದುಕೊಂಡು ಬಂದುಬಿಟ್ಟಿದ್ದಾಳೆ."

"ನೀವು ಕರೆದದ್ದು ಯಾರನ್ನ?"

"ನಿನ್ನನ್ನೇ."

ಅವಳ ದನಿ ಸ್ವಲ್ಪ ಬೇರೆಯಾಗಿ ಬಂತು. "ಹಾಗಾದ್ರೆ ಅವಳಿಂದ ಎರಡು ಕಟ್ಟು ತಗೊಳ್ಳಿ. ಬಾ ಅಂದ ಮೇಲೆ ಬರಿಗೈಯಲ್ಲಿ ಕಳಿಸಬಾರದು."

ಅವಳಿಗೆ ಗುಂಡ್ಲುಪೇಟೆಯ ಆದೇಶ ಬಂದಿದೆ. ಆದರೆ ಈಗಿನ ಶಾಲೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಡಲು ಇನ್ನೂ ಹದಿನೈದು ದಿನವಂತೆ. ಸಾಹೇಬರು ನೀಲಿ ರವಿಕೆಗೆ ಇಸ್ತ್ರಿ ಹಾಕಿ ಮುಂದಿನ ಗೂಟಕ್ಕೆ ತಂದಿದ್ದಾರೆ. ಅತ್ತೆ ಬಂದು ಬಾಗಿಲಿಗೆ ಹೊಸ ಚೀಟಿ ಹಚ್ಚಿಸಿ ಹೋಗಿದ್ದಾರೆ, ಕನ್ನಡದಲ್ಲಿ. ಸೊಪ್ಪಿನವಳು ದಿನಾ ಬೆಳಿಗ್ಗೆ ತಪ್ಪದೆ ಮೆಟ್ಟಿಲು ಹತ್ತಿ ಬಂದು, "ಅಕ್ಕ ಬಂದ್ರಾ ಅಣ್ಣ?" ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಎಂದು ಹೇಳಿ ಎರಡು ಕಟ್ಟು ತೆಗೆದುಕೊಳ್ಳುತ್ತೇನೆ. ಒಮ್ಮೆ ಕರೆದವನು ನಾನು.

ನಿನ್ನೆ ಹೆಂಡತಿ ಫೋನಿನಲ್ಲಿ, "ಇವತ್ತೇನು ಅಡುಗೆ?" ಎಂದಳು.

"ದಂಟಿನ ಸಾರು."

"ನಿನ್ನೆ?"

"ದಂಟಿನ ಪಲ್ಯ."

"ನಾಳೆ?"

"ನೋ ತಾರ್ದೆಸ್" ಎಂದೆ. ಅವಳು ಅರ್ಥ ಕೇಳಲಿಲ್ಲ.